ಗಣಿತದ ಬರಹಕ್ಕೆ ಬೇರೆ ಫಾಂಟ್‌ನಿಂದ ಚಿಹ್ನೆ ಎರವಲು ತರುವುದು: ಹಂತ ಹಂತದ ಮಾರ್ಗದರ್ಶಿ

ಇಡೀ ಫಾಂಟ್ ಹಿಡಿಸಿದೆ, ಇಂಟಿಗ್ರಲ್ ಚಿಹ್ನೆ ಒಂದು ಮಾತ್ರ ಹಿಡಿಸಿಲ್ಲ. ಅದೊಂದನ್ನು ಬೇರೆ ಫಾಂಟ್‌ನಿಂದ ತಂದ ಕೂಡಲೇ ಭಿನ್ನರಾಶಿಯ ಗೆರೆ ಮೇಲೇರುತ್ತದೆ, ಘಾತಾಂಕ ಕೆಳಗಿಳಿಯುತ್ತದೆ, ಎಲ್ಲೋ ಒಂದು ಅಕ್ಷರ ಸದ್ದಿಲ್ಲದೆ ಮಾಯವಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಚಿಹ್ನೆಯ ಆಯ್ಕೆ ತಪ್ಪಿರುವುದಿಲ್ಲ, ಫಾಂಟ್‌ಗಳನ್ನು ಕರೆದ ಕ್ರಮ ತಪ್ಪಿರುತ್ತದೆ.

ಇಲ್ಲಿನ ಹಂತಗಳು ಲೇಟೆಕ್ (ಟೆಕ್ ಎಂಬ ಅಚ್ಚುಜೋಡಣೆ ತಂತ್ರಾಂಶದ ಮೇಲೆ ಕಟ್ಟಿದ ವ್ಯವಸ್ಥೆ) ಬಳಸುವವರಿಗೆ, ಮುಖ್ಯವಾಗಿ ಅದರ ಹೊಸ ರೂಪಗಳಾದ ಲುವಾಲೇಟೆಕ್ ಮತ್ತು ಝೀಲೇಟೆಕ್‌ನಲ್ಲಿ ಯೂನಿಕೋಡ್-ಮ್ಯಾಥ್ ಪ್ಯಾಕೇಜ್ ಬಳಸುವವರಿಗೆ. ಹಳೆಯ ಪಿಡಿಎಫ್‌ಲೇಟೆಕ್‌ಗೆ ಹಂತ 7 ಇದೆ. ಆಜ್ಞೆಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಮುಂದೆ ಬ್ಯಾಕ್‌ಸ್ಲ್ಯಾಶ್ ಹಚ್ಚಿ ಬರೆಯಬೇಕು. ಚಿಹ್ನೆ ಕೊಡುವ ಫಾಂಟನ್ನು ಮುಂದೆಲ್ಲ ‘ಎರವಲು ಫಾಂಟ್’ ಎಂದೂ, ಉಳಿದೆಲ್ಲವನ್ನೂ ಹೊತ್ತುಕೊಂಡಿರುವುದನ್ನು ‘ಮುಖ್ಯ ಫಾಂಟ್’ ಎಂದೂ ಕರೆದಿದೆ.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಲೇಟೆಕ್ ಮತ್ತು ಅದರ ಪ್ಯಾಕೇಜ್‌ಗಳನ್ನು ಒಟ್ಟಿಗೆ ಕೊಡುವ ಟೆಕ್ ಲೈವ್‌ನ 2021 ಅಥವಾ ಆಮೇಲಿನ ಆವೃತ್ತಿ. ಫಾಂಟ್ ಒಳಗೆ ಏನಿದೆ ಎಂದು ತೋರಿಸುವ ಒಟಿಎಫ್‌ಇನ್‌ಫೋ. ಪಿಡಿಎಫ್‌ನಲ್ಲಿ ಯಾವ ಫಾಂಟ್‌ಗಳು ಸೇರಿವೆ ಎಂದು ಪಟ್ಟಿ ಕೊಡುವ ಪಿಡಿಎಫ್‌ಫಾಂಟ್ಸ್. ಅಳತೆ ನೋಡಲು ಫಾಂಟ್‌ಫೋರ್ಜ್. ಫಾಂಟ್ ತಿದ್ದುವ ಉದ್ದೇಶ ಇಲ್ಲದಿದ್ದರೂ ಫಾಂಟ್‌ಫೋರ್ಜ್ ಬೇಕೇ ಬೇಕು. ಎತ್ತರ, ದಪ್ಪಗಳನ್ನು ಕಣ್ಣಂದಾಜಿನಲ್ಲಿ ಹೊಂದಿಸಲು ಹೊರಟರೆ ಇಡೀ ದಿನ ಹೋಗುತ್ತದೆ.

ಹಂತ 1: ಏನು ತರಬೇಕು, ಏನು ತರಬಾರದು

ಗಣಿತದ ಗ್ಲಿಫ್‌ಗಳೆಲ್ಲ (ಗ್ಲಿಫ್ ಅಂದರೆ ಫಾಂಟ್‌ನಲ್ಲಿ ಬರೆದಿಟ್ಟ ಒಂದು ಅಕ್ಷರದ ಅಥವಾ ಚಿಹ್ನೆಯ ಆಕಾರ) ಒಂದೇ ಜಾತಿಯವಲ್ಲ. ಬ್ಲ್ಯಾಕ್‌ಬೋರ್ಡ್ ಬೋಲ್ಡ್ (ದುಪ್ಪಟ್ಟು ಗೆರೆಯದು), ಸ್ಕ್ರಿಪ್ಟ್ (ಬಳುಕಕ್ಷರ), ಫ್ರಾಕ್ಟರ್‌ (ಹಳೆಯ ಜರ್ಮನ್ ಶೈಲಿ) ನಂಥ ಅಕ್ಷರಮಾಲೆಗಳನ್ನು ತರುವುದು ಸುಲಭ, ಪಕ್ಕದವರ ಹಂಗು ಅವಕ್ಕೆ ಕಡಿಮೆ. ಕೂಡು, ಸಮ, ಚಿಕ್ಕದು-ದೊಡ್ಡದು ಚಿಹ್ನೆಗಳನ್ನು ತರಬಹುದು, ಆದರೆ ಎತ್ತರ ಹೊಂದಬೇಕು. ಇಂಟಿಗ್ರಲ್, ಸಿಗ್ಮಾ, ಆವರಣಗಳು ಬೆಳೆಯುವ ಜಾತಿ: ಒಂದೊಂದಕ್ಕೂ ಹಲವು ಗಾತ್ರದ ರೂಪಗಳಿರುತ್ತವೆ, ಅಷ್ಟೂ ಒಂದೇ ಫಾಂಟ್‌ನಿಂದ ಬರಬೇಕು.

ವರ್ಗಮೂಲದ ಚಿಹ್ನೆಯನ್ನು ಮಾತ್ರ ಮುಟ್ಟಬೇಡಿ. ಅದರ ಮೇಲಿನ ಅಡ್ಡಗೆರೆ ಗ್ಲಿಫ್‌ನ ಭಾಗವಲ್ಲ, ಟೆಕ್ ಬೇರೆಯಾಗಿ ಎಳೆಯುವ ಗೆರೆ. ಚಿಹ್ನೆ ಒಂದು ಫಾಂಟಿನದು, ಗೆರೆಯ ದಪ್ಪ ಇನ್ನೊಂದರದು ಆದರೆ ಎರಡೂ ಸೇರುವ ಮೂಲೆಯಲ್ಲಿ ಮೆಟ್ಟಿಲು ಬೀಳುತ್ತದೆ. ಪರದೆಯಲ್ಲಿ ಕಾಣದಿದ್ದರೂ ಅಚ್ಚಿನಲ್ಲಿ ಕಾಣುತ್ತದೆ.

ಒಂದು ಕಡತದಲ್ಲಿ ಎರವಲು ಎರಡು ಬಗೆಯವನ್ನು ಮೀರುತ್ತಿದೆ ಅಂದರೆ ಮುಖ್ಯ ಫಾಂಟನ್ನೇ ಬದಲಿಸುವುದು ಮೇಲು.

ಹಂತ 2: ಎರವಲು ಫಾಂಟಿನ ಹೊಟ್ಟೆ ನೋಡಿ

ಒಟಿಎಫ್‌ಇನ್‌ಫೋಗೆ ‘ಟೇಬಲ್ಸ್’ ಆಯ್ಕೆ ಕೊಟ್ಟು ಓಡಿಸಿ. ಪಟ್ಟಿಯಲ್ಲಿ ‘ಮ್ಯಾಥ್’ ಎಂಬ ಕೋಷ್ಟಕ ಇದೆಯೇ ನೋಡಿ. ಮೈಕ್ರೋಸಾಫ್ಟ್ ತನ್ನ ವರ್ಡ್ 2007 ಮತ್ತು ಕೇಂಬ್ರಿಯಾ ಮ್ಯಾಥ್ ಜೊತೆಗೆ ತಂದ ಕೋಷ್ಟಕ ಇದು. ಭಿನ್ನರಾಶಿಯ ಗೆರೆ ಎಲ್ಲಿ, ಘಾತಾಂಕ ಎಷ್ಟು ಮೇಲೆ, ಆವರಣ ಬೆಳೆಯುವಾಗ ಮುಂದಿನ ರೂಪ ಯಾವುದು ಎಂಬುದೆಲ್ಲ ಇದರಲ್ಲಿರುತ್ತದೆ. ಲ್ಯಾಟಿನ್ ಮಾಡರ್ನ್ ಮ್ಯಾಥ್, ಸ್ಟಿಕ್ಸ್ ಟು ಮ್ಯಾಥ್, ಲಿಬರ್ಟಿನಸ್ ಮ್ಯಾಥ್, ಆಸನ ಮ್ಯಾಥ್, ಫಿರಾ ಮ್ಯಾಥ್ ಇವುಗಳಲ್ಲೆಲ್ಲ ಇದೆ. ಸಾಮಾನ್ಯ ಪಠ್ಯ ಫಾಂಟ್‌ಗಳಲ್ಲಿ ಇರುವುದಿಲ್ಲ. ಈ ಕೋಷ್ಟಕ ಇಲ್ಲದ ಫಾಂಟ್‌ನಿಂದ ಬೆಳೆಯುವ ಚಿಹ್ನೆ ತಂದರೆ ಅದು ಬೆಳೆಯುವುದೇ ಇಲ್ಲ.

ಆಮೇಲೆ ‘ಯೂನಿಕೋಡ್’ ಆಯ್ಕೆ ಕೊಟ್ಟು, ಬೇಕಾದ ಸಂಕೇತಸ್ಥಾನಗಳು (ಪ್ರತಿ ಅಕ್ಷರಕ್ಕೆ ಯೂನಿಕೋಡ್ ಕೊಟ್ಟ ಸಂಖ್ಯೆಗಳು) ನಿಜಕ್ಕೂ ತುಂಬಿವೆಯೇ ನೋಡಿ. ಸ್ಕ್ರಿಪ್ಟ್‌ನ ದೊಡ್ಡಕ್ಷರಗಳಿದ್ದು ಸಣ್ಣಕ್ಷರಗಳೇ ಇಲ್ಲದ ಫಾಂಟ್‌ಗಳೂ ಇವೆ.

ಹಂತ 3: ಕರೆಯುವ ಕ್ರಮ

ಕ್ರಮ ಹೀಗಿರಲಿ.

1. ಮೊದಲು ಎಎಂಎಸ್‌ಮ್ಯಾಥ್, ಬೇಕಿದ್ದರೆ ಮ್ಯಾಥ್‌ಟೂಲ್ಸ್.

2. ಅವುಗಳ ನಂತರ ಯೂನಿಕೋಡ್-ಮ್ಯಾಥ್. ಇದರ ಜೊತೆ ಎಎಂಎಸ್‌ಸಿಂಬ್ ಬೇಕಿಲ್ಲ, ಬಿಎಂ ಪ್ಯಾಕೇಜೂ ಬೇಡ. ದಪ್ಪ ಚಿಹ್ನೆಗೆ ಸಿಮ್‌ಬಿಎಫ್ ಆಜ್ಞೆ ಇದೆ.

3. ಪಠ್ಯದ ಫಾಂಟ್‌ಗಳು.

4. ಸೆಟ್‌ಮ್ಯಾಥ್‌ಫಾಂಟ್ ಆಜ್ಞೆಯಿಂದ ಮುಖ್ಯ ಫಾಂಟ್. ಇದಕ್ಕೆ ರೇಂಜ್ ಆಯ್ಕೆ (ಯಾವ ಚಿಹ್ನೆಗಳು ಈ ಫಾಂಟ್‌ನಿಂದ ಬರಬೇಕು ಎಂದು ಹೇಳುವುದು) ಕೊಡಬಾರದು.

5. ಅದೇ ಆಜ್ಞೆಯಿಂದ ಎರವಲು ಫಾಂಟ್. ಇದಕ್ಕೆ ರೇಂಜ್ ಆಯ್ಕೆ ಕೊಡಲೇಬೇಕು.

6. ಕೊನೆಗೆ ಮುಖ್ಯ ಫಾಂಟನ್ನೇ ಇನ್ನೊಮ್ಮೆ ಕರೆಯಿರಿ. ಈ ಸಲ ರೇಂಜ್ ಆಯ್ಕೆ ಕೊಡಿ, ಆದರೆ ಬ್ರೇಸ್‌ಗಳ ಒಳಗೆ ಏನೂ ಬರೆಯಬೇಡಿ.

ಆರನೆಯದು ಬಹುಪಾಲು ಜನ ಬಿಟ್ಟುಬಿಡುವ ಸಾಲು. ಒಂದೂ ಗ್ಲಿಫ್ ಕೇಳದೆ ಫಾಂಟ್ ಕರೆಯುವುದು ಹುಚ್ಚಾಟದಂತೆ ಕಾಣುತ್ತದೆ, ಕಾರಣ ಇದೆ. ಕೊನೆಯಲ್ಲಿ ಬಂದ ಗಣಿತ ಫಾಂಟಿನ ಅಳತೆಗಳೇ ಇಡೀ ಕಡತಕ್ಕೆ ಅಂಟಿಕೊಳ್ಳಬಹುದು. ಆಗ ಒಂದು ಇಂಟಿಗ್ರಲ್ ತರಲು ಹೋಗಿ ಭಿನ್ನರಾಶಿ, ಘಾತಾಂಕ, ಮಿತಿ ಎಲ್ಲದರ ಅಂತರವನ್ನೂ ಎರವಲು ಫಾಂಟ್ ನಿರ್ಧರಿಸುತ್ತದೆ. ಖಾಲಿ ರೇಂಜ್‌ನ ಕರೆ ಯಾವ ಗ್ಲಿಫನ್ನೂ ಬದಲಿಸದೆ ಅಳತೆಗಳನ್ನು ಮಾತ್ರ ಮುಖ್ಯ ಫಾಂಟ್‌ಗೆ ಮರಳಿಸುತ್ತದೆ. ಎರವಲು ಫಾಂಟ್ ತಂದ ಮೇಲೆ ನೀವು ಮುಟ್ಟದ ಸೂತ್ರಗಳೂ ಕದಲಿದ್ದರೆ ಮೊದಲು ನೋಡಬೇಕಾದದ್ದು ಈ ಸಾಲನ್ನೇ.

ಇನ್ನೊಂದು ತಪ್ಪು: ಚಿಹ್ನೆಯ ಆಜ್ಞೆಯನ್ನು ಪ್ರಿಯಾಂಬಲ್‌ನಲ್ಲಿ (ಡಾಕ್ಯುಮೆಂಟ್ ಶುರುವಾಗುವ ಮೊದಲಿನ ಭಾಗ) ರಿನ್ಯೂಕಮಾಂಡ್‌ನಿಂದ ಬದಲಿಸಿ, ಪರಿಣಾಮ ಕಾಣದೆ ತಲೆ ಕೆರೆದುಕೊಳ್ಳುವುದು. ಯೂನಿಕೋಡ್-ಮ್ಯಾಥ್ ತನ್ನ ಚಿಹ್ನೆಗಳನ್ನು ನಿಗದಿ ಮಾಡುವುದು ಡಾಕ್ಯುಮೆಂಟ್ ಶುರುವಾಗುವ ಹೊತ್ತಿಗೆ, ಹಾಗಾಗಿ ನೀವು ಮೊದಲು ಬರೆದದ್ದು ಅಳಿದುಹೋಗುತ್ತದೆ. ನಿಮ್ಮ ಬದಲಾವಣೆಯನ್ನು ಅಟ್‌ಬಿಗಿನ್‌ಡಾಕ್ಯುಮೆಂಟ್ ಒಳಗೆ ಹಾಕಿ.

ಹಂತ 4: ರೇಂಜ್ ಬರೆಯುವುದು

ರೇಂಜ್‌ಗೆ ಮೂರು ರೀತಿಯಲ್ಲಿ ಬೆಲೆ ಕೊಡಬಹುದು. ಚಿಹ್ನೆಯ ಆಜ್ಞೆಯ ಹೆಸರು (ಇಂಟ್, ಸಮ್), ಅಕ್ಷರಮಾಲೆಯ ಹೆಸರು (ಮ್ಯಾಥ್‌ಬಿಬಿ, ಮ್ಯಾಥ್‌ಕ್ಯಾಲ್), ಇಲ್ಲವೇ ಸಂಕೇತಸ್ಥಾನಗಳ ಹರವು. ಒಂದಕ್ಕಿಂತ ಹೆಚ್ಚಿದ್ದರೆ ಬ್ರೇಸ್‌ಗಳ ಒಳಗೆ ಅಲ್ಪವಿರಾಮ ಹಾಕಿ ಬರೆಯಬೇಕು. ಬ್ರೇಸ್ ಮರೆತರೆ ಎರಡನೆಯ ಹೆಸರನ್ನು ಅದು ಬೇರೆ ಆಯ್ಕೆ ಎಂದು ತಿಳಿಯುತ್ತದೆ.

ಅಕ್ಷರಮಾಲೆಗೆ ಹೆಸರನ್ನೇ ಬಳಸಿ, ಹರವು ಬೇಡ. ಯೂನಿಕೋಡ್‌ನ ಗಣಿತ ಅಕ್ಷರಗಳ ಬ್ಲಾಕ್ ಹದಿನಾರರ ಎಣಿಕೆಯಲ್ಲಿ 1ಡಿ400ರಿಂದ 1ಡಿ7ಎಫ್‌ಎಫ್‌ವರೆಗೆ ಇದೆ, ಆದರೆ ಅದರ ಅಕ್ಷರಮಾಲೆಗಳ ನಡುವೆ 24 ಖಾಲಿ ಜಾಗಗಳಿವೆ. ಬ್ಲಾಕ್ ಹುಟ್ಟುವ ಮೊದಲೇ ಬೇರೆ ಕಡೆ ಮನೆ ಮಾಡಿಕೊಂಡಿದ್ದ ಅಕ್ಷರಗಳ ಜಾಗಗಳವು. ಇಟಾಲಿಕ್ ಸಣ್ಣ ಎಚ್ ಇರಬೇಕಾದದ್ದು 1ಡಿ455ರಲ್ಲಿ. ಅದು ಪ್ಲಾಂಕ್ ಸ್ಥಿರಾಂಕದ ಚಿಹ್ನೆಯಾಗಿ 210ಇ ಎಂಬಲ್ಲಿ ಕೂತಿದೆ. ವಾಸ್ತವ ಸಂಖ್ಯೆಗಳ ದುಪ್ಪಟ್ಟು ಗೆರೆಯ ಆರ್ ಇರುವುದು 211ಡಿಯಲ್ಲಿ, ಪೂರ್ಣಾಂಕಗಳ ಝಡ್ 2124ರಲ್ಲಿ. ಹರವು ಕೊಟ್ಟು ಇಡೀ ಇಟಾಲಿಕ್ ಮಾಲೆ ತಂದೆ ಎಂದುಕೊಂಡವರ ಕಡತದಲ್ಲಿ ಎಚ್ ಒಂದೇ ಹಳೆಯ ಫಾಂಟಿನದಾಗಿ ಉಳಿಯುತ್ತದೆ. ಸೂತ್ರದ ನಡುವೆ ಎಚ್ ಮಾತ್ರ ಬೇರೆ ಮನೆಯ ನೆಂಟನಂತೆ ಕಂಡರೆ ಕಾರಣ ಇದೇ.

ಮ್ಯಾಥ್‌ಕ್ಯಾಲ್ ಮತ್ತು ಮ್ಯಾಥ್‌ಎಸ್‌ಸಿಆರ್ ಎರಡೂ ಯೂನಿಕೋಡ್‌ನಲ್ಲಿ ಒಂದೇ ಸ್ಥಾನಗಳನ್ನು ಹಂಚಿಕೊಂಡಿವೆ. ಎರಡು ಬಗೆಯ ಬಳುಕಕ್ಷರ ಬೇಕಿದ್ದರೆ ಒಂದನ್ನು ಬೇರೆ ಫಾಂಟ್‌ನಿಂದ, ಅಥವಾ ಅದೇ ಫಾಂಟಿನ ಸ್ಟೈಲಿಸ್ಟಿಕ್ ಸೆಟ್‌ನಿಂದ (ಅದೇ ಅಕ್ಷರಗಳ ಬದಲಿ ರೂಪಗಳ ಗುಂಪು) ತರಬೇಕು. ಎಕ್ಸ್‌ಐಟಿಎಸ್ ಮ್ಯಾಥ್‌ನಲ್ಲಿ ಸ್ಟೈಲಿಸ್ಟಿಕ್‌ಸೆಟ್ 1 ಎಂದು ಕೊಟ್ಟರೆ ಕ್ಯಾಲಿಗ್ರಫಿ ರೂಪ ಬರುತ್ತದೆ. ದಪ್ಪ ರೂಪವೂ ಬೇಕಾದರೆ ಮ್ಯಾಥ್‌ಬಿಎಫ್‌ಕ್ಯಾಲ್ ಹೆಸರನ್ನೂ ರೇಂಜ್‌ನಲ್ಲಿ ಸೇರಿಸಿ, ತಾನಾಗಿ ಬರುವುದಿಲ್ಲ.

ಹಂತ 5: ಅಳತೆ ಹೊಂದಿಸುವುದು

ಇದು ಕೆಲಸದ ಹೃದಯ. ಮೂರು ಅಳತೆ ನೋಡಬೇಕು: ಸಣ್ಣ ಎಕ್ಸ್‌ನ ಎತ್ತರ, ಅಕ್ಷದ ಎತ್ತರ, ಗೆರೆಯ ದಪ್ಪ.

ಮೊದಲು ಎಕ್ಸ್ ಎತ್ತರ. ಲ್ಯಾಟಿನ್ ಮಾಡರ್ನ್‌ನಲ್ಲಿ ಫಾಂಟ್ ಗಾತ್ರವನ್ನು 1000 ಘಟಕ ಎಂದಿಟ್ಟುಕೊಂಡರೆ ಇದು ಸುಮಾರು 431. ನಿಮ್ಮ ಮುಖ್ಯ ಫಾಂಟ್‌ನಲ್ಲಿ 470 ಎಂದಿಟ್ಟುಕೊಳ್ಳಿ. 470ನ್ನು 431ರಿಂದ ಭಾಗಿಸಿದರೆ 1.09. ಲ್ಯಾಟಿನ್ ಮಾಡರ್ನ್‌ನಿಂದ ಅಕ್ಷರ ತರುವಾಗ ಸ್ಕೇಲ್ ಆಯ್ಕೆಗೆ ಈ ಸಂಖ್ಯೆ ಕೊಡಿ. ಇದಕ್ಕೆ ಮ್ಯಾಚ್‌ಲೋಯರ್‌ಕೇಸ್ ಎಂಬ ಸಿದ್ಧ ಆಯ್ಕೆಯೂ ಇದೆ, ಆದರೆ ಅದು ಹೋಲಿಸುವುದು ಪಠ್ಯದ ಮುಖ್ಯ ಫಾಂಟ್ ಜೊತೆ, ಗಣಿತದ ಮುಖ್ಯ ಫಾಂಟ್ ಜೊತೆ ಅಲ್ಲ. ಎರಡೂ ಒಂದೇ ಕುಟುಂಬದವಾದರೆ ತೊಂದರೆ ಇಲ್ಲ. ಬೇರೆಯಾದರೆ ಲೆಕ್ಕ ತಪ್ಪುತ್ತದೆ, ಸಂಖ್ಯೆಯನ್ನು ನೀವೇ ಕೊಡಬೇಕು.

ಈಗ ಅಕ್ಷ. ಭಿನ್ನರಾಶಿಯ ಗೆರೆ ಕೂರುವ ಎತ್ತರವೇ ಅಕ್ಷ. ಕೂಡು, ಕಳೆ, ಸಮ ಚಿಹ್ನೆಗಳ ನಡುಮಟ್ಟವೂ ಅದೇ ಆಗಿರಬೇಕು. ಲ್ಯಾಟಿನ್ ಮಾಡರ್ನ್‌ನ ಅಕ್ಷ 250. ಮೇಲಿನಂತೆ 1.09ರಷ್ಟು ಹಿಗ್ಗಿಸಿದರೆ ಅದೂ 272.5 ಆಗುತ್ತದೆ. ಮುಖ್ಯ ಫಾಂಟಿನ ಅಕ್ಷ 250ರಲ್ಲೇ ಇದ್ದರೆ 22.5 ಘಟಕದ ವ್ಯತ್ಯಾಸ, ಅಂದರೆ 10 ಪಾಯಿಂಟ್ ಅಕ್ಷರದಲ್ಲಿ 0.225 ಪಾಯಿಂಟ್. ಭಿನ್ನರಾಶಿಯ ಗೆರೆಯೇ 0.4 ಪಾಯಿಂಟ್ ದಪ್ಪ ಇರುವಾಗ ಇದು ಅರ್ಧ ಗೆರೆಗಿಂತ ಹೆಚ್ಚು. ಕಣ್ಣಿಗೆ ಬೀಳುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಸಿಗ್ಮಾ, ಇಂಟಿಗ್ರಲ್‌ನಂಥ ದೊಡ್ಡ ಚಿಹ್ನೆಗಳನ್ನು ಟೆಕ್ ತಾನೇ ಅಕ್ಷದ ಮೇಲೆ ನಡುವಿಗೆ ತಂದು ಕೂರಿಸುತ್ತದೆ. ಕೂಡು, ಸಮ ಚಿಹ್ನೆಗಳನ್ನು ಹಾಗೆ ಕೂರಿಸುವುದಿಲ್ಲ. ಫಾಂಟ್ ಮಾಡಿದವರು ಎಲ್ಲಿಟ್ಟರೋ ಅಲ್ಲೇ ಇರುತ್ತವೆ. ಆದ್ದರಿಂದ ಅಕ್ಷ ಹೊಂದದ ಫಾಂಟ್‌ನಿಂದ ಸಿಗ್ಮಾ ತಂದರೆ ನಡೆಯುತ್ತದೆ, ಸಮ ಚಿಹ್ನೆ ತಂದರೆ ನಡೆಯುವುದಿಲ್ಲ. ಪರೀಕ್ಷೆ ಸುಲಭ: ಒಂದು ಭಿನ್ನರಾಶಿ ಬರೆದು ಅದರ ಹಿಂದೆ ಕಳೆ ಚಿಹ್ನೆ ಹಾಕಿ, ಪಿಡಿಎಫ್ ಅನ್ನು ಶೇಕಡಾ 800ಕ್ಕೆ ಹಿಗ್ಗಿಸಿ. ಕಳೆ ಚಿಹ್ನೆಯೂ ಭಿನ್ನರಾಶಿಯ ಗೆರೆಯೂ ಒಂದೇ ನೇರದಲ್ಲಿರಬೇಕು.

ಗೆರೆಯ ದಪ್ಪ ಕೊನೆಯದು. ಹಿಗ್ಗಿಸಿದಾಗ ದಪ್ಪವೂ ಹಿಗ್ಗುತ್ತದೆ. 40 ಘಟಕದ ಗೆರೆ 1.09ರಲ್ಲಿ 43.6 ಆಗುತ್ತದೆ. ಎರವಲು ಚಿಹ್ನೆ ಪುಟದಲ್ಲಿ ಕಪ್ಪಾಗಿ ಕಂಡರೆ ಸ್ಕೇಲನ್ನು ಎರಡು ಮೂರು ಶತಾಂಶ ಇಳಿಸಿ ರಾಜಿ ಮಾಡಿಕೊಳ್ಳಿ. ಸ್ವಲ್ಪ ಚಿಕ್ಕದಾಗಿರುವುದನ್ನು ಕಣ್ಣು ಕ್ಷಮಿಸುತ್ತದೆ, ಕಪ್ಪಾಗಿರುವುದನ್ನು ಕ್ಷಮಿಸುವುದಿಲ್ಲ. ಘಾತಾಂಕದ ಗಾತ್ರದಲ್ಲಿ ಮಾತ್ರ ತೆಳುವಾಗಿ ಕಂಡರೆ ಎರವಲು ಫಾಂಟ್‌ನಲ್ಲಿ ಸಣ್ಣ ಗಾತ್ರಕ್ಕೆಂದೇ ಬರೆದ ರೂಪಗಳು ಇಲ್ಲ ಎಂದರ್ಥ. ಒಟಿಎಫ್‌ಇನ್‌ಫೋದ ‘ಫೀಚರ್ಸ್’ ಪಟ್ಟಿಯಲ್ಲಿ ‘ಎಸ್‌ಎಸ್‌ಟಿವೈ’ ಇದೆಯೇ ನೋಡಿ.

ಅಕ್ಷರಗಳ ನಡುವಣ ಅಂತರದ ಬಗ್ಗೆ ಒಂದು ಮಾತು. ಎರಡು ಫಾಂಟ್‌ಗಳ ನಡುವೆ ಕರ್ನಿಂಗ್ ಜೋಡಿಗಳು (ಅಕ್ಷರ ಜೋಡಿಯ ನಡುವಣ ಜಾಗ ತಿದ್ದುವ ಬೆಲೆಗಳು) ಕೆಲಸ ಮಾಡುವುದಿಲ್ಲ. ಎರವಲು ಎಫ್ ಅಕ್ಷರದ ಕೊಕ್ಕೆ ಮುಂದಿನ ಆವರಣಕ್ಕೆ ತಾಗುತ್ತಿದ್ದರೆ ಅಲ್ಲಿ ಕೈಯಾರೆ ಒಂದೆರಡು ಎಂಯು ಜಾಗ ಕೊಡಬೇಕು. ಎಂಯು ಅಂದರೆ ಗಣಿತದಲ್ಲಿ ಜಾಗ ಅಳೆಯುವ ಮಾನ, 18 ಎಂಯು ಸೇರಿದರೆ ಒಂದು ಎಂ, ಅಂದರೆ ಸುಮಾರು ಫಾಂಟ್ ಗಾತ್ರದಷ್ಟು ಅಗಲ.

ಹಂತ 6: ಸೂತ್ರದೊಳಗೆ ಕನ್ನಡ

ಗಣಿತದ ಫಾಂಟ್‌ಗಳಲ್ಲಿ ಕನ್ನಡ ಇಲ್ಲ. ಸೂತ್ರದಲ್ಲಿ ‘ವಿಸ್ತೀರ್ಣ = ಉದ್ದ × ಅಗಲ’ ಎಂದು ನೇರವಾಗಿ ಬರೆದರೆ ಪುಟದಲ್ಲಿ ಸಮ ಮತ್ತು ಗುಣಿಸು ಚಿಹ್ನೆಗಳಷ್ಟೇ ಉಳಿಯುತ್ತವೆ. ಆಗ ಕೆಲವರು ಕನ್ನಡ ಬ್ಲಾಕಿನ ಹರವು ಕೊಟ್ಟು ಕನ್ನಡ ಫಾಂಟನ್ನು ಗಣಿತದೊಳಕ್ಕೆ ಎಳೆದು ತರುತ್ತಾರೆ. ಅದು ಇನ್ನೂ ಕೆಡುತ್ತದೆ. ಗಣಿತ ಮೋಡ್‌ನಲ್ಲಿ ಪ್ರತಿ ಸಂಕೇತವೂ ಒಂಟಿಯಾಗಿ ಕೂರುತ್ತದೆ, ಕಾಗುಣಿತ ಜೋಡಣೆ ಆಗುವುದಿಲ್ಲ. ‘ಸ್ತೀ’ ಎಂಬುದು ಸಕಾರ, ವಿರಾಮ, ತಕಾರ, ಗುಡಿಸಿನ ದೀರ್ಘ ಎಂದು ಚೆಲ್ಲಾಪಿಲ್ಲಿಯಾಗುತ್ತದೆ.

ಸರಿಯಾದ ದಾರಿ ಟೆಕ್ಸ್ಟ್ ಆಜ್ಞೆ. ಅದರ ಬ್ರೇಸ್‌ಗಳೊಳಗೆ ಇಟ್ಟ ಪದ ಸುತ್ತಲಿನ ಪಠ್ಯದ ಫಾಂಟ್‌ನಲ್ಲೇ ಬರುತ್ತದೆ, ಪಾದಾಂಕದಲ್ಲಿದ್ದರೆ ತಾನಾಗಿ ಚಿಕ್ಕದಾಗುತ್ತದೆ. ಲುವಾಲೇಟೆಕ್‌ನಲ್ಲಿ ಕನ್ನಡ ಫಾಂಟ್‌ಗೆ ರೆಂಡರರ್ ಎಂಬಲ್ಲಿ ಹಾರ್ಫ್‌ಬಜ್ (ಅಕ್ಷರ ಜೋಡಿಸುವ ತಂತ್ರಾಂಶ) ಎಂದೂ ಸ್ಕ್ರಿಪ್ಟ್ ಎಂಬಲ್ಲಿ ಕನ್ನಡ ಎಂದೂ ಕೊಡಿ. ‘ವಿಸ್ತೀರ್ಣ’ವೇ ಒಳ್ಳೆಯ ಪರೀಕ್ಷಾ ಪದ, ಒತ್ತಕ್ಷರವೂ ಅರ್ಕಾವೊತ್ತೂ ಎರಡೂ ಅದರಲ್ಲಿವೆ. ಅರ್ಕಾವೊತ್ತು ಣಕಾರದ ಬಲಕ್ಕೆ ಬರದೆ ಎಡದಲ್ಲೇ ರಕಾರವಾಗಿ ನಿಂತಿದ್ದರೆ ಜೋಡಣೆ ನಡೆದಿಲ್ಲ.

ಗಾತ್ರ ಹೊಂದಿಸುವಾಗ ಮ್ಯಾಚ್‌ಲೋಯರ್‌ಕೇಸ್ ನಂಬಬೇಡಿ. ಕನ್ನಡಕ್ಕೆ ಸಣ್ಣಕ್ಷರವೇ ಇಲ್ಲ. ಬರಿ ಕನ್ನಡವೇ ಇರುವ ಫಾಂಟ್‌ನಲ್ಲಿ ಅಳೆಯಲು ಎಕ್ಸ್ ಕೂಡ ಇರುವುದಿಲ್ಲ. ‘ಗ’ ಅಕ್ಷರವನ್ನು ತಲೆಕಟ್ಟು ಸೇರಿಸಿ ಅಳೆದು, ಅದು ಇಂಗ್ಲಿಷ್ ಸಣ್ಣಕ್ಷರಕ್ಕಿಂತ ತುಸು ಎತ್ತರ, ದೊಡ್ಡಕ್ಷರಕ್ಕಿಂತ ಗಿಡ್ಡ ಇರುವಂತೆ ಸ್ಕೇಲ್ ಕೊಟ್ಟರೆ ಸಾಲು ಸಮನಾಗಿ ಕಾಣುತ್ತದೆ. ಪಾದಾಂಕದ ಪಾದಾಂಕದಲ್ಲಿ ಕನ್ನಡ ಪದ ಬೇಡ. 10 ಪಾಯಿಂಟ್ ಕಡತದಲ್ಲಿ ಅದು 5 ಪಾಯಿಂಟ್‌ಗೆ ಇಳಿಯುತ್ತದೆ, ಒತ್ತಕ್ಷರ ಚುಕ್ಕೆಯಾಗುತ್ತದೆ.

ಕನ್ನಡ ಮಾತ್ರ ಇರುವ ಫಾಂಟನ್ನು ಕಡತದ ಮುಖ್ಯ ಪಠ್ಯ ಫಾಂಟ್ ಮಾಡಿದವರಿಗೆ ಇನ್ನೊಂದು ಹಳ್ಳ ಕಾದಿದೆ. ಮ್ಯಾಥ್‌ಆರ್‌ಎಂ ಆಜ್ಞೆಯ ಅಕ್ಷರಗಳು ಪಠ್ಯದ ಮುಖ್ಯ ಫಾಂಟ್‌ನಿಂದ ಬರುತ್ತವೆ, ಅಲ್ಲಿ ಇಂಗ್ಲಿಷ್ ಇಲ್ಲದಿದ್ದರೆ ಅವು ಕಾಣೆಯಾಗುತ್ತವೆ. ಸೆಟ್‌ಮ್ಯಾಥ್‌ಆರ್‌ಎಂ ಆಜ್ಞೆಯಿಂದ ಅದಕ್ಕೊಂದು ಇಂಗ್ಲಿಷ್ ಫಾಂಟ್ ಗೊತ್ತುಮಾಡಿ. ಸೈನ್, ಲಾಗ್ ಹೆಸರುಗಳೂ ಸರಿ ಬಂದಿವೆಯೇ ಅದೇ ಸಮಯಕ್ಕೆ ನೋಡಿಬಿಡಿ.

ಹಂತ 7: ಪಿಡಿಎಫ್‌ಲೇಟೆಕ್‌ನಲ್ಲೇ ಇರಬೇಕಾದವರಿಗೆ

ಪತ್ರಿಕೆಯ ಟೆಂಪ್ಲೇಟ್ ಪಿಡಿಎಫ್‌ಲೇಟೆಕ್ ಕೇಳಿದರೆ ದಾರಿ ಬೇರೆ. ಒಂದು ಚಿಹ್ನೆಗಾಗಿ ಇಡೀ ಪ್ಯಾಕೇಜ್ ಕರೆಯಬೇಡಿ. ಮ್ಯಾಥ್‌ಎಬಿಎಕ್ಸ್‌ನಲ್ಲಿ ಅಕ್ಷರದ ತಲೆಯ ಮೇಲೆ ಕೂರುವ ಅಗಲವಾದ ಚೆಕ್ ಗುರುತು ಚೆನ್ನಾಗಿದೆ, ಆದರೆ ಪ್ಯಾಕೇಜ್ ಕರೆದರೆ ಇದ್ದಬದ್ದ ಚಿಹ್ನೆಗಳೆಲ್ಲ ಬದಲಾಗುತ್ತವೆ. ಬದಲಿಗೆ ಡಿಕ್ಲೇರ್‌ಫಾಂಟ್‌ಫ್ಯಾಮಿಲಿ, ಡಿಕ್ಲೇರ್‌ಫಾಂಟ್‌ಶೇಪ್, ಡಿಕ್ಲೇರ್‌ಸಿಂಬಲ್‌ಫಾಂಟ್ ಈ ಮೂರನ್ನು ಇದೇ ಕ್ರಮದಲ್ಲಿ ಬರೆದು, ಕೊನೆಗೆ ಡಿಕ್ಲೇರ್‌ಮ್ಯಾಥ್‌ಸಿಂಬಲ್ (ಉಚ್ಚಾರ ಚಿಹ್ನೆಯಾದರೆ ಡಿಕ್ಲೇರ್‌ಮ್ಯಾಥ್‌ಆಕ್ಸೆಂಟ್) ಬಳಸಿ ಬೇಕಾದ ಸ್ಥಾನವೊಂದನ್ನೇ ತನ್ನಿ.

ಡಿಕ್ಲೇರ್‌ಮ್ಯಾಥ್‌ಸಿಂಬಲ್‌ನಲ್ಲಿ ಚಿಹ್ನೆಯ ವರ್ಗ ಸರಿಯಾಗಿ ಹೇಳಬೇಕು. ಸಮಾನತೆಯ ಚಿಹ್ನೆಗೆ ಮ್ಯಾಥ್‌ರೆಲ್, ಕೂಡು ಜಾತಿಗೆ ಮ್ಯಾಥ್‌ಬಿನ್, ಸಿಗ್ಮಾ ಜಾತಿಗೆ ಮ್ಯಾಥ್‌ಆಪ್. ಎಲ್ಲಕ್ಕೂ ಮ್ಯಾಥ್‌ಆರ್ಡ್ ಎಂದು ಬರೆದರೆ ಚಿಹ್ನೆಯ ಅಕ್ಕಪಕ್ಕದ ಜಾಗ ಹೋಗಿ ಎಲ್ಲ ಅಂಟಿಕೊಳ್ಳುತ್ತದೆ. ಇಂಟಿಗ್ರಲ್ ಬದಲಿಸುವಾಗ ಇಂಟ್ ಆಜ್ಞೆಯನ್ನಲ್ಲ, ಅದರ ಒಳಗಿರುವ ಇಂಟ್‌ಆಪ್ ಅನ್ನು ಬದಲಿಸಿ. ಇಂಟ್ ಅಂದರೆ ಇಂಟ್‌ಆಪ್ ಮತ್ತು ನೋಲಿಮಿಟ್ಸ್ ಸೇರಿದ್ದು. ನೇರವಾಗಿ ಇಂಟ್ ಅನ್ನೇ ತಿದ್ದಿದರೆ ನೋಲಿಮಿಟ್ಸ್ ಕಳೆದುಹೋಗಿ, ಪ್ರತ್ಯೇಕ ಸಾಲಿನ ಸೂತ್ರದಲ್ಲಿ ಮಿತಿಗಳು ಪಕ್ಕ ಬಿಟ್ಟು ಮೇಲೆ ಕೆಳಗೆ ಹೋಗಿ ಕೂರುತ್ತವೆ.

ಇಲ್ಲಿ ಗಣಿತದ ಫಾಂಟ್ ಕುಟುಂಬಗಳಿಗೆ 16ರ ಮಿತಿ ಇದೆ. ಲೇಟೆಕ್ ತಾನೇ 4 ತೆಗೆದುಕೊಳ್ಳುತ್ತದೆ, ಎಎಂಎಸ್‌ಸಿಂಬ್ 2. ‘ಟೂ ಮೆನಿ ಮ್ಯಾಥ್ ಆಲ್ಫಾಬೆಟ್ಸ್’ ಎಂಬ ದೋಷ ಬಂದರೆ ಜಾಗ ತುಂಬಿದೆ. ಬಿಎಂ ಪ್ಯಾಕೇಜ್ ಬಳಸುತ್ತಿದ್ದರೆ ಅದನ್ನು ಕರೆಯುವ ಮೊದಲು ಬಿಎಂಮ್ಯಾಕ್ಸ್ ಮತ್ತು ಎಚ್‌ಎಂಮ್ಯಾಕ್ಸ್ ಎರಡನ್ನೂ 0 ಎಂದು ನಿಗದಿ ಮಾಡಿ, ಸಾಮಾನ್ಯವಾಗಿ ಅಷ್ಟರಲ್ಲೇ ಸರಿಹೋಗುತ್ತದೆ. ಝೀಟೆಕ್, ಲುವಾಟೆಕ್‌ಗಳಲ್ಲಿ ಈ ಮಿತಿ 256, ಆ ಚಿಂತೆ ಇಲ್ಲ.

ಹಂತ 8: ಹೊಸ ಫಾಂಟನ್ನೇ ಕಟ್ಟಬೇಕಾದಾಗ

ವರ್ಡ್‌ನಂಥ ಕಡೆ ಹೀಗೆ ಚಿಹ್ನೆಯಿಂದ ಚಿಹ್ನೆಗೆ ಫಾಂಟ್ ಆರಿಸುವ ದಾರಿ ಇಲ್ಲ. ಅಲ್ಲಿಗೆ ಬೇಕಾದರೆ ಗ್ಲಿಫನ್ನು ಫಾಂಟ್‌ಫೋರ್ಜ್‌ನಲ್ಲಿ ಕಸಿ ಮಾಡಬೇಕು. ಮೊದಲು ಲೈಸೆನ್ಸ್ ನೋಡಿ. ಓಪನ್ ಫಾಂಟ್ ಲೈಸೆನ್ಸ್‌ನ ಫಾಂಟ್ ತಿದ್ದಬಹುದು, ಹಂಚಿದರೆ ಅದೇ ಲೈಸೆನ್ಸ್‌ನಲ್ಲಿ ಹಂಚಬೇಕು, ಕಾಯ್ದಿರಿಸಿದ ಹೆಸರು ಇದ್ದರೆ ಅದನ್ನು ಬಳಸುವಂತಿಲ್ಲ. ಕೇಂಬ್ರಿಯಾ ಮ್ಯಾಥ್ ಮೈಕ್ರೋಸಾಫ್ಟ್‌ನ ಖಾಸಗಿ ಆಸ್ತಿ, ಅದರಿಂದ ಗ್ಲಿಫ್ ಕಿತ್ತು ತರಬೇಡಿ.

ಎರವಲು ಫಾಂಟಿನ ‘ಎಂ ಸೈಜ್’ (ಗ್ಲಿಫ್ ಬರೆದ ಚೌಕಟ್ಟು ಎಷ್ಟು ಘಟಕದ್ದು ಎಂಬುದು) ನೋಡಿ. ಟ್ರೂಟೈಪ್‌ನಲ್ಲಿ ಸಾಮಾನ್ಯವಾಗಿ 2048, ಪೋಸ್ಟ್‌ಸ್ಕ್ರಿಪ್ಟ್ ರೇಖೆಗಳ ಓಪನ್‌ಟೈಪ್‌ನಲ್ಲಿ 1000. ಹಾಗೇ ಅಂಟಿಸಿದರೆ ಚಿಹ್ನೆ ಎರಡು ಪಟ್ಟಿಗಿಂತ ದೊಡ್ಡದಾಗಿ ಬರುತ್ತದೆ. ಫಾಂಟ್ ಮಾಹಿತಿಯಲ್ಲಿ ಎರವಲು ಫಾಂಟಿನ ಎಂ ಸೈಜ್ ಅನ್ನು 1000 ಮಾಡಿ, ರೇಖೆಗಳನ್ನೂ ಅದಕ್ಕೆ ತಕ್ಕಂತೆ ಕುಗ್ಗಿಸುವ ಟಿಕ್ ಹಾಕಿ, ಆಮೇಲೆ ನಕಲು ಮಾಡಿ. ಗ್ಲಿಫ್ ಇನ್ನೊಂದರ ರೆಫರೆನ್ಸ್ ಆಗಿದ್ದರೆ ಮೊದಲು ಅನ್‌ಲಿಂಕ್ ಮಾಡಬೇಕು.

ಬೆಳೆಯುವ ಚಿಹ್ನೆಯಾದರೆ ಅದರ ಎಲ್ಲ ದೊಡ್ಡ ರೂಪಗಳನ್ನೂ ತಂದು, ಮ್ಯಾಥ್ ಕೋಷ್ಟಕದ ಲಂಬ ರೂಪಗಳ ಪಟ್ಟಿಯಲ್ಲಿ ಹೆಸರು ಸೇರಿಸಿ, ಇಟಾಲಿಕ್ ತಿದ್ದುಪಡಿಯ ಬೆಲೆಯನ್ನೂ ನಕಲಿಸಬೇಕು. ಆ ಬೆಲೆ ಬಿಟ್ಟುಹೋದರೆ ಇಂಟಿಗ್ರಲ್‌ನ ಮೇಲ್ಮಿತಿ ಚಿಹ್ನೆಯ ಕೊಕ್ಕೆಯ ಮೇಲೆಯೇ ಏರಿ ಕೂರುತ್ತದೆ. ಪ್ರತಿ ಸಲ ಹೊಸ ಕಡತ ಉಳಿಸುವಾಗ ಫಾಂಟಿನ ಒಳಗಿನ ಹೆಸರಿಗೆ ಒಂದು ಸಂಖ್ಯೆ ಸೇರಿಸಿ. ಇಲ್ಲದಿದ್ದರೆ ಕ್ಯಾಶ್‌ನಲ್ಲಿರುವ ಹಳೆಯದೇ ಬಂದು, ತಿದ್ದಿದ್ದು ಎಲ್ಲಿ ಹೋಯಿತು ಎಂದು ಹುಡುಕುತ್ತಾ ಕೂರುತ್ತೀರಿ.

ಹಂತ 9: ಪರೀಕ್ಷಾ ಪುಟ

ಕಡತದ ಮೊದಲಲ್ಲೇ ಟ್ರೇಸಿಂಗ್‌ಲಾಸ್ಟ್‌ಕ್ಯಾರ್ಸ್ ಬೆಲೆಯನ್ನು 3 ಮಾಡಿ. ಕಾಣೆಯಾದ ಗ್ಲಿಫ್ ಆಗ ಬರಿ ಎಚ್ಚರಿಕೆಯಾಗದೆ ದೋಷವಾಗಿ ಕೆಲಸ ನಿಲ್ಲಿಸುತ್ತದೆ. ಇದಿಲ್ಲದೆ ‘ಮಿಸ್ಸಿಂಗ್ ಕ್ಯಾರೆಕ್ಟರ್’ ಎಂಬ ಸಾಲು ಉಳಿದ ಸಂದೇಶಗಳ ನಡುವೆ ಯಾರ ಕಣ್ಣಿಗೂ ಬೀಳದೆ ಸರಿದುಹೋಗುತ್ತದೆ.

ಪುಟದಲ್ಲಿ ಇಷ್ಟು ಇರಲಿ: ಕಳೆ ಚಿಹ್ನೆ ಹಿಂದಿರುವ ಭಿನ್ನರಾಶಿ, ಸಾಲಿನೊಳಗೊಂದು, ಪ್ರತ್ಯೇಕವಾಗೊಂದು ಮಿತಿ ಸಹಿತ ಇಂಟಿಗ್ರಲ್, ಎ ಇಂದ ಝಡ್‌ವರೆಗಿನ ಇಟಾಲಿಕ್ ಸಣ್ಣಕ್ಷರ, ಎಚ್ ಮೇಲೆ ಕಣ್ಣಿಟ್ಟು, ಭಿನ್ನರಾಶಿಯೊಳಗೆ ಭಿನ್ನರಾಶಿ ಇಟ್ಟು ಅದರ ಸುತ್ತ ಬೆಳೆಯುವ ಆವರಣ, ಪಾದಾಂಕದಲ್ಲಿ ಎರವಲು ಅಕ್ಷರ, ಕನ್ನಡ ಪದ ಇರುವ ಒಂದು ಸಮೀಕರಣ. ಇದನ್ನು ಎರವಲು ಇಲ್ಲದೆ ಒಮ್ಮೆ, ಇದ್ದು ಒಮ್ಮೆ ಮಾಡಿ, ಎರಡು ಪಿಡಿಎಫ್‌ಗಳನ್ನು ಒಂದರ ಮೇಲೊಂದು ತಿರುವಿ ನೋಡಿ. ನೀವು ತಂದ ಚಿಹ್ನೆ, ಅದರ ಅಗಲಕ್ಕೆ ತಕ್ಕಂತೆ ಪಕ್ಕಕ್ಕೆ ಸರಿದದ್ದು ಬಿಟ್ಟು ಬೇರೇನಾದರೂ ಮೇಲೆ ಕೆಳಗೆ ಜಿಗಿದರೆ ಹಂತ 3ರ ಆರನೆಯ ಸಾಲಿಗೆ ಹಿಂದಿರುಗಿ.

ಆಮೇಲೆ ಪಿಡಿಎಫ್‌ಫಾಂಟ್ಸ್ ಓಡಿಸಿ. ಎರವಲು ಫಾಂಟಿನ ಹೆಸರು ಪಟ್ಟಿಯಲ್ಲಿ ಇರಬೇಕು, ಪ್ರತಿಯೊಂದರ ಎದುರೂ ‘ಇಎಂಬಿ’ (ಎಂಬೆಡೆಡ್, ಪಿಡಿಎಫ್ ಒಳಗೆ ಸೇರಿದೆ) ಎಂಬಲ್ಲಿ ‘ಯೆಸ್’ ಇರಬೇಕು. ಕೊನೆಗೆ ಪಿಡಿಎಫ್‌ನಿಂದ ಆ ಚಿಹ್ನೆಯನ್ನು ನಕಲಿಸಿ ಬೇರೆಡೆ ಅಂಟಿಸಿ ನೋಡಿ. ಇಂಟಿಗ್ರಲ್ ಅಂಟಿಸಿದರೆ ಇಂಗ್ಲಿಷ್ ಅಕ್ಷರವೊಂದು ಬಂದರೆ, ಅದು ತಪ್ಪು ಸಂಕೇತಸ್ಥಾನದಲ್ಲಿ ಕೂತಿದೆ. ಕಣ್ಣಿಗೆ ಸರಿಯಾಗೇ ಕಾಣುತ್ತದೆ, ಆದರೆ ಪಿಡಿಎಫ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ಪುಟ ಓದಿ ಹೇಳುವ ತಂತ್ರಾಂಶ ಅದನ್ನು ಆ ಇಂಗ್ಲಿಷ್ ಅಕ್ಷರವೆಂದೇ ಓದುತ್ತದೆ.